ಹದಿನಾರು ಕ್ಲಿಕ್ಕು

ದಾವಣಗೆರೆ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ
ದಸ್ತಗೀರ್ ಸಾಬರು ಮೊದಲು ಇಳಿಸಿದ್ದು ಜೋಡುನಳಿಗೆ.
"ಹಂದಿ ಒಂದೇಟಿಗೆ ಮಲಗ್ತದೆ, ಪಾಲಮ್ಮ."
ಹಂದಿಯ ಮಾತು ಎತ್ತಿದವರು ಯಾರು?
ನನ್ನ ಬದುವಿನ ಹೊಟ್ಟೆಯಲ್ಲಿ ಸಂಸಾರ ಹೂಡಿರುವುದು ಹೆಗ್ಗಣ,
ಶೇಂಗಾ ಕಾಯಿ ಬಲಿಯುವ ವಾರಕ್ಕೆ ಸರಿಯಾಗಿ
ಬಾಡಿಗೆಯಿಲ್ಲದ ಮನೆಗೆ ದಿನಸಿ ಸಾಗಿಸುವ ಹೆಗ್ಗಣ.
ಅದಕ್ಕೆ ತೋಪು ಹಾರಿಸಿದರೆ
ಬದುವೂ ಜತೆಗೇ ಹೋದೀತು.

ಕೊನೆಗೆ ಗೋಡೆಯ ಮೂಲೆಯಿಂದ ಬಂತು
ಪಾಯಿಂಟ್ ಟೂಟೂ, ಬೋಲ್ಟಿನದು.
ಯಾರೋ ತೀರಿಹೋದ ವಕೀಲರದಂತೆ,
ಹಿಡಿಕೆಯಲ್ಲಿ ಅವರ ಹೆಬ್ಬೆರಳು ಸವೆಸಿದ ಜಾಗ,
ನನ್ನದು ಅಲ್ಲೇ ಹೋಗಿ ಕೂತಿತು.
ಬೋಲ್ಟು ಎಳೆದೆ. ಎಣ್ಣೆ ಕುಡಿದ ಅಗುಳಿಯ ಹಾಗೆ
ಹಿಂದೆ ಬಂತು, ಮುಂದೆ ಹೋಯ್ತು.
"ಸದ್ದೇ ಇಲ್ಲವಲ್ಲಮ್ಮ ಇದಕ್ಕೆ," ಸಾಬರಿಗೆ ಬೇಸರ.
ನನಗೆ ಬೇಕಾದ್ದೇ ಅದು.

ಅಪ್ಪನ ಲೈಸೆನ್ಸು ನನ್ನ ಹೆಸರಿಗೆ ಬರುವಾಗ
ಡೀಸಿ ಆಫೀಸಿನ ಗುಮಾಸ್ತ
ಗಂಡನ ಹೆಸರಿನ ಅಂಕಣದ ಮೇಲೆ ಪೆನ್ನು ಹಿಡಿದು ಕಾದ.
ಕಾಯಲಿ ಎಂದು ಬಿಟ್ಟೆ.
ಆಮೇಲೆ ತಾನೇ ಒಂದು ಗೀಟೆಳೆದ.

ರಾತ್ರಿ ಹತ್ತರ ನೋಟೊಂದನ್ನು
ನಳಿಗೆಗೂ ಮರಕ್ಕೂ ನಡುವೆ ತೂರಿಸಿ ಎಳೆದೆ.
ಸಲೀಸು, ಸಲೀಸು, ಗೇಣುದ್ದ ಹೋಗಿ ಸಿಕ್ಕಿಕೊಂಡಿತು.
ಅಲ್ಲಿ ಮರ ಉಬ್ಬಿ ಕಬ್ಬಿಣವನ್ನು ಮುಟ್ಟುತ್ತಿತ್ತು.
ಮುಟ್ಟಬಾರದು.
ಗುಂಡು ಹೊರಡುವಾಗ ನಳಿಗೆ ತನ್ನ ಪಾಡಿಗೆ ನಡುಗಬೇಕು,
ಯಾರೂ ಹೆಗಲ ಮೇಲೆ ಕೈಯಿಡಬಾರದು.
ಬೆರಳಿಗೆ ಉಪ್ಪುಕಾಗದ ಸುತ್ತಿ ಮೂರು ರಾತ್ರಿ ಉಜ್ಜಿದೆ.
ದುರ್ಬೀನಿನ ಬಳೆ ಬಿಗಿಯಲು ತಮ್ಮ ಮಾರೆಪ್ಪ ಬಂದು
ಒಂದೇ ತಿರುವಿಗೆ ಸ್ಕ್ರೂವಿನ ತಲೆ ಕೆಡಿಸಿದ.

ಐವತ್ತು ಗಜ, ಬಾವಿಹಗ್ಗದಲ್ಲಿ ಅಳೆದದ್ದು.
ಹಿಂದೆ ಮಣ್ಣಿನ ದಿಬ್ಬ, ಮುಂದೆ ಹಲಗೆ,
ಹಲಗೆಗೆ ಮೊಳೆ ಹೊಡೆದ ನನ್ನ ಲಗ್ನಪತ್ರಿಕೆ.
ಅಚ್ಚಾದದ್ದು ಐನೂರು, ಹಂಚಿದ್ದು ನಲವತ್ತು,
ಮಿಕ್ಕದ್ದಕ್ಕೆ ಹನ್ನೊಂದು ವರ್ಷದಿಂದ ಅಟ್ಟವೇ ಛತ್ರ.
ಒಳ್ಳೆಯ ದಪ್ಪ ಕಾಗದ, ಹರಿಯದೆ ದುಂಡಗೆ ತೂತು ಬೀಳುತ್ತದೆ.
ಬಲಮೂಲೆಯ ಅರಿಶಿನದ ಬೊಟ್ಟು ಗುರಿಗೆ ಹೇಳಿ ಮಾಡಿಸಿದ್ದು,
ಐನೂರಕ್ಕೂ ಅವ್ವ ಒಂದೇ ಮಧ್ಯಾಹ್ನ ಕೂತು ಇಟ್ಟಿದ್ದಳು.

ರಾಗಿ ತುಂಬಿದ ಚೀಲದ ಮೇಲೆ ಮುಂಗೈ.
ಜೋಗಿಮಟ್ಟಿ ಸಾಲಿನ ಗಾಳಿಯಂತ್ರಗಳ ಕಡೆ ನೋಡಿದೆ,
ಮೂರು ನಿಂತಿವೆ, ಒಂದು
ಬೇಕೋ ಬೇಡವೋ ಎಂದು ರೆಕ್ಕೆ ಹೊರಳಿಸುತ್ತಿದೆ.
ಐದು ಗುಂಡು.
ಐದೂ ಒಂದು ರೂಪಾಯಿಯ ಕೆಳಗೆ ಅಡಗುವಷ್ಟು ಹತ್ತಿರ,
ಬೊಟ್ಟಿನಿಂದ ಮಾತ್ರ ಎರಡಿಂಚು ಎಡಕ್ಕೆ,
ವರನ ಹೆಸರಿನ ಮೇಲೆ.
ಮಾರೆಪ್ಪ ಬಿದ್ದು ಬಿದ್ದು ನಕ್ಕ.
ಬೇಕಂತ ಹೊಡೆದದ್ದಲ್ಲ ಕಣೋ, ಅಂದೆ.
ಎಂಟು ಕ್ಲಿಕ್ಕಿಗೆ ಒಂದಿಂಚು. ಹದಿನಾರು, ಬಲಕ್ಕೆ.
ತೆನೆಯಿಂದ ಜೋಳ ಬಿಡಿಸಿದ ಹಾಗೆ
ಬೆರಳ ತುದಿಯಲ್ಲಿ ಒಂದೊಂದೇ ಎಣಿಸಿದೆ.
ಮತ್ತೆ ಐದು.
ಈ ಸಲ ಪತ್ರಿಕೆಯಲ್ಲಿ ಅರಿಶಿನ ಇರಲಿಲ್ಲ.

ಗುಡ್ಡ ಅಗೆದು ಇಲಿ ಹಿಡಿದರು ಅಂತಾರೆ.
ನಾನು ಮೊದಲು ಹೊಡೆದು ಆಮೇಲೆ ಅಗೆದೆ.
ಮುಸ್ಸಂಜೆ, ಬಾಯಲ್ಲಿ ಕಾಯಿ ಕಚ್ಚಿಕೊಂಡು ನಿಂತಿತ್ತು,
ಚಟ್ ಎಂದದ್ದು ಪಕ್ಕದ ಹೊಲಕ್ಕೂ ಕೇಳಿರಲಿಕ್ಕಿಲ್ಲ.
ಬದುವಿನ ಮೊಳದಾಳದಲ್ಲಿ ಒಣ ಕಣಜ,
ನಾಲ್ಕು ಸೇರು ಕಾಯಿ.
ಜೊಳ್ಳು ಒಂದಿಲ್ಲ, ಒಂಟಿಬೀಜ ಒಂದಿಲ್ಲ,
ಚಳ್ಳಕೆರೆಯ ದಲ್ಲಾಳಿಯೂ ಹೀಗೆ ಆರಿಸಲಾರ.
ನನಗೆ ಗಂಡು ನೋಡಿದವರಿಗೆ
ಈ ಹೆಗ್ಗಣದ ಕಣ್ಣಿರಬೇಕಿತ್ತು.
ಬೀಜಕ್ಕೆಂದು ಡಬ್ಬಿಗೆ ತುಂಬಿಟ್ಟೆ.

ಈಗ ಚುನಾವಣೆ. ರೈಫಲ್ಲು ಠಾಣೆಯಲ್ಲಿ.
ಕೂಸನ್ನು ಕಿವಿ ಹಿಡಿದು ಎತ್ತಿದ ಹಾಗೆ
ಪೇದೆ ಅದನ್ನು ದುರ್ಬೀನು ಹಿಡಿದು ಎತ್ತಿಕೊಂಡು ಹೋದ.
ಹದಿನಾರೂ ಹೋದವು.
ರಸೀದಿ ಬೀಜದ ಡಬ್ಬಿಯಲ್ಲಿದೆ.
ಬದುವಿನಲ್ಲಿ ಇವತ್ತು ಬೆಳಿಗ್ಗೆ ಹಸಿಮಣ್ಣು, ಹೊಸ ಬಾಯಿ.
ಇರಲಿ,
ಅಟ್ಟದಲ್ಲಿ ಇನ್ನೂ ನಾನೂರೈವತ್ತರ ಮೇಲೆ ಪತ್ರಿಕೆಗಳಿವೆ.