ಚೆಕ್ಕುಬಂದಿ

ಮೂವತ್ತೊಂದು ವರ್ಷ
ದುರ್ಗದ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರು,
ಬೇವಿನ ಕೆಳಗೆ, ಒಂದು ಕಾಲು ಕುಂಟುವ ಮೇಜಿನ ಮೇಲೆ
ಮಂದಿಯ ಮನೆ ಹೊಲ ಹಿತ್ತಲು ಬರೆದುಕೊಟ್ಟೆ.
ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಬಂಡಿಜಾಡು,
ಉತ್ತರಕ್ಕೆ ಸರ್ಕಾರಿ ಹಳ್ಳ, ದಕ್ಷಿಣಕ್ಕೆ ಬಾಕಿ ಸ್ವತ್ತು.
ಬರೆದು ಬರೆದು
ಯಾರಾದರೂ ವಿಳಾಸ ಕೇಳಿದರೆ
ನಾಲ್ಕು ದಿಕ್ಕು ಹೇಳಿ ನಡುವೆ ಸುಮ್ಮನಾಗುತ್ತಿದ್ದೆ.
ನಡುವೆ ಇದ್ದದ್ದು ಬಾಡಿಗೆ ಮನೆ. ಏಳನೆಯದು.

ಸರ್ವಮಂಗಳ ಅಂದಳು: ಮೊಳೆ ಹೊಡೆಯುವಾಗ
ಯಾರನ್ನೂ ಕೇಳಬೇಕಿಲ್ಲದ ಗೋಡೆ ಒಂದು ಬೇಕು.
ಅಷ್ಟೇ ಅಂದದ್ದು.

ಹೊಳಲ್ಕೆರೆ ರಸ್ತೆ ಬಿಟ್ಟು ಮೂರು ಕಿಲೋಮೀಟರು ಒಳಗೆ,
ಮುದ್ದನಹಟ್ಟಿಯ ಮಗ್ಗುಲಿಗೆ,
ಮೂವತ್ತು ನಲವತ್ತು, ಇ-ಸ್ವತ್ತು ಆದ ಜಾಗ.
ದಲ್ಲಾಳಿ ಮೊಬೈಲಲ್ಲಿ ನಕ್ಷೆ ತೋರಿಸಿ
"ಪೇಟೆಗೆ ಹದಿನೈದು ನಿಮಿಷ ಸಾರ್" ಅಂದ.
ಅವನ ಬೈಕಿಗೆ ಹದಿನೈದು. ಬಸ್ಸಿಗೆ, ಅದು ಬಂದ ದಿನ, ನಲವತ್ತು.
ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ನಿಂತು
ಬೇಡ ಬೇಡ ಎಂಬಂತೆ ಕೈಯಾಡಿಸುತ್ತಿದ್ದವು.
ನಾನು ಹೂಂ ಅಂದೆ.

ನನ್ನ ಕ್ರಯಪತ್ರ ನಾನೇ ಬರೆದೆ.
ಎಂದೂ ತಡವರಿಸದ ಕೈ
"ಖರೀದಿದಾರರು" ಎಂಬಲ್ಲಿ ಕಾಗುಣಿತ ತಪ್ಪಿತು.
ಸಾಕ್ಷಿಗೆ ಟೀ ಅಂಗಡಿಯ ವಾಜಿದ್ ಸಾಬರು,
ಗ್ಲಾಸು ತೊಳೆದ ಕೈ ಒರೆಸಿಕೊಂಡು ಬಂದು ರುಜು ಹಾಕಿದರು.
ನಿಧಿ ನಿಕ್ಷೇಪ ಜಲ ಪಾಷಾಣ
ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ
ಅಷ್ಟಭೋಗ ತೇಜಸ್ವಾಮ್ಯ ಸಹಿತ...
ಈ ಸಾಲು ಬಂದಾಗ ಎಂದಿನಂತೆ
ಕೈ ತಾನೇ ಬರೆಯಿತು, ನಾನು ರಸ್ತೆ ನೋಡುತ್ತಿದ್ದೆ.
ಅರ್ಥ ಕೇಳಿದವರಿಗೆಲ್ಲ ಹೇಳುತ್ತಿದ್ದದ್ದು ಒಂದೇ:
ಅದು ಹಾಗೇ ಬರೆಯೋದು.

ಮಾರಿದವನು ಪಾಲಯ್ಯ.
ಕಷ್ಟಕ್ಕೆ ಮಾರಿದ್ದಲ್ಲ, ಖುಷಿಗೆ.
ನನ್ನಂಥ ಇಪ್ಪತ್ತು ಮಂದಿಗೆ ತುಂಡು ತುಂಡು ಕೊಟ್ಟು
ಜೆಸಿಬಿ ಕೊಂಡ. ಹಳದಿ, ಹೊಚ್ಚ ಹೊಸದು,
ಮುಂದೆ ನಿಂಬೆಹಣ್ಣು ಮೆಣಸಿನಕಾಯಿ, ಹಿಂದೆ ಮಗಳ ಹೆಸರು.
ನಮ್ಮ ಪಾಯ ತೆಗೆಯಲು ಬಂದದ್ದೂ ಅದೇ.
ತಾನು ಶೇಂಗಾ ಬಿತ್ತಿದ ಹೊಲವನ್ನು
ತಾಸಿಗೆ ಇಷ್ಟೆಂದು ಬಾಡಿಗೆಗೆ ಅಗೆದ,
ಹಾಡಿಕೊಂಡೇ.

ವಾಯುವ್ಯ ಮೂಲೆಯಲ್ಲಿ, ಪಾಯಖಾನೆ ಗುಂಡಿಗೆಂದು
ಸುಣ್ಣದ ಗೆರೆ ಎಳೆದಲ್ಲಿ,
ಬಕೆಟ್ಟು ಎತ್ತಿದವನು ಇಳಿಸಲಿಲ್ಲ. ಎಂಜಿನ್ನು ಆರಿಸಿದ.
"ಇಲ್ಲಿ ಬ್ಯಾಡ ಸಾಮಿ. ಇಲ್ಲಿ ನಮ್ಮ ಕೆಂದ ಅವ್ನೆ."
ಎತ್ತು. ಹನ್ನೊಂದು ವರ್ಷ ಗೇಯ್ದು
ಒಂದು ಅಮಾಸೆ ಬೆಳಗ್ಗೆ ಏಳಲೇ ಇಲ್ಲವಂತೆ.
ಪಾಲಯ್ಯನ ಅಪ್ಪ ಉಪ್ಪು ಸುರಿದು,
ಬಾರುಕೋಲನ್ನೂ ಜೊತೆಗಿಟ್ಟು ಹೂಳಿದ್ದ.
"ಬೇಕಾದ್ರೆ ಈ ತಾಸಿನ ದುಡ್ಡು ಬ್ಯಾಡ.
ಗುಂಡಿ ಆಕಡೆ ಸರಸಾನ."

ಎಂಟೂ ಭೋಗ ನನ್ನವು, ಕಾಗದ ನನ್ನದು, ಬರೆದವನೂ ನಾನೇ.
ನಿಧಿಯಲ್ಲ. ಪಾಷಾಣವಲ್ಲ. ಜಲವಂತೂ ಅಲ್ಲ.
ಹಾಗಾದರೆ ನಿಕ್ಷೇಪವೇ?
ಯಾರೋ ನಂಬಿ ಇಟ್ಟು ಹೋದದ್ದು?
ಇಟ್ಟವನ ಮಗ ಎದುರಿಗೇ ನಿಂತು
ಟವಲಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದಾನೆ.
ಮಾರಿಯಾಗಿದೆ ಅಂತ ಅವನಿಗೂ ಗೊತ್ತು, ರುಜು ಅವನದೇ.
ಆದರೂ ಕೇಳುತ್ತಿದ್ದಾನೆ.

ಗುಂಡಿ ಆರಡಿ ಸರಿಯಿತು, ಅಡಿಗೆಮನೆ ಕಿಟಕಿಯ ಕೆಳಕ್ಕೆ.
ಸರ್ವಮಂಗಳ ಎರಡು ದಿನ ಮಾತಾಡಲಿಲ್ಲ.
ಮೂರನೆಯ ದಿನ ಆ ಮೂಲೆಗೆ ನುಗ್ಗೆಕೊಂಬೆ ತಂದಳು.
ಆಳಕ್ಕೆ ನೆಡಬೇಡ ಅಂದೆ.
"ಗೊತ್ತು" ಅಂದಳು.

ಈಗ ಇಲ್ಲೇ ಇದ್ದೇವೆ.
ನೀರು ಎರಡು ದಿನಕ್ಕೊಮ್ಮೆ. ಎದುರು ಹೊಲದ ಈರುಳ್ಳಿ ಘಾಟು
ಕಾಂಪೌಂಡು ಲೆಕ್ಕಿಸದೆ ಒಳಗೆ ಬಂದು ಕೂರುತ್ತದೆ.
ಮೊದಲ ಮೊಳೆ ಅವಳೇ ಹೊಡೆದಳು.
ಅದಕ್ಕೇನು ತೂಗುಹಾಕಬೇಕೆಂದು
ಇನ್ನೂ ತೀರ್ಮಾನವಾಗಿಲ್ಲ.

ಸೋಮವಾರ ಮೇಜಿಗೆ ಹೊಸ ಜೋಡಿ ಒಂದು ಬಂತು,
ಕ್ಯಾದಿಗೆರೆ ಕಡೆ ಸೈಟಂತೆ.
ಹುಡುಗಿ ಕರಡು ಓದುತ್ತ ಬೆರಳಿಟ್ಟಳು:
"ನಿಕ್ಷೇಪ ಅಂದ್ರೆ ಏನು?"
ಹಾಗೇ ಬರೆಯೋದು ಅನ್ನಲು ಬಾಯಿ ತೆರೆದೆ.
"ಮಾರೋರ್ನ ಒಂದ್ಮಾತು ಕೇಳ್ಕೊಂಡು ಬನ್ನಿ,
ಅಲ್ಲಿ ಯಾರಾದ್ರೂ ಇದಾರಾ ಅಂತ."
ಮುಖ ಮುಖ ನೋಡಿಕೊಂಡರು.
ಪಕ್ಕದ ಮೇಜಿಗೆ ಹೋದರು.