ನಲವತ್ತು ಅಣ್ಣಂದಿರು

ಪೆಟ್ಟಿಗೆ ಸಾಗಿಸುವುದು ರಾತ್ರಿಯಲ್ಲೇ.
ಹೊಲಕ್ಕೆ ಹೋದವರೆಲ್ಲ ಮನೆ ಸೇರಿದ ಮೇಲೆ
ಬಾಗಿಲಿಗೆ ಹಸಿ ಹುಲ್ಲು ತುರುಕಿ
ಎಂಟು ಸಂಸಾರ ಲಗೇಜ್ ಆಟೋಗೆ ಏರಿಸಿ
ಗುಡಿಬಂಡೆ ದಾಟುವಾಗ
ಬೆನ್ನಿಗೊರಗಿದ ಹಲಗೆಯೊಳಗೆ
ಅಕ್ಕಿ ಕುದಿಯುವಂಥ ಸದ್ದು.
ಬಾಬಾಜಾನ್ ಆವತ್ತು ಹಾಡು ಹಾಕುವುದಿಲ್ಲ,
ಹಳ್ಳ ಬಂದರೆ ಇಳಿದು ನೋಡಿ ಬರುತ್ತಾನೆ.

ನಾರೆಪ್ಪ ಟಾರ್ಚು ಹಿಡಿದು ಬದುವಿನ ಮೇಲಿದ್ದ.
ಡಿಸೆಂಬರಿನಲ್ಲಿ ಒಂದೊಂದೇ ಎಲೆ ಕೈಯಲ್ಲಿ ಕಿತ್ತು
ಬೋಳು ಮಾಡಿ, ನೀರು ನಿಲ್ಲಿಸಿ,
ಹಿಮ ಬಿದ್ದಿದೆ ಎಂದು ಸೇಬಿನ ಮರಗಳಿಗೆ
ಸುಳ್ಳು ಹೇಳಿದ್ದಾನೆ.
ಮರಗಳು ನಂಬಿವೆ.

ಹೋದ ವರ್ಷವೂ ನಂಬಿದ್ದವು.
ಹೂ ಬಂತು, ಹೂ ನೋಡಲು ಊರು ಬಂತು,
ಹೊಸದಾಗಿ ಮದುವೆಯಾದವರು ಫೋಟೋ ತೆಗೆಸಿಕೊಂಡರು.
ಹತ್ತೇ ದಿನ. ತೊಟ್ಟು ಸಮೇತ ನೆಲಕ್ಕೆ.
"ಕಾಯಿ ಕಚ್ಲಿಲ್ಲ ಕಣಮ್ಮ. ಹುಳ ಇಲ್ಲ, ಅದಕ್ಕೇ."

ಚಳಿ ಬಿಡುವುದಕ್ಕೆ ಒಂಬತ್ತು ಗಂಟೆಯಾಯಿತು.
ಮೊಗ್ಗಿನ ಹೊರಗೆ ಗುಲಾಬಿ, ಬಿರಿದರೆ ಬಿಳಿ,
ನಡುವೆ ಹಳದಿ ತಲೆಯ ಕೇಸರ.
ತುಡುವೆಯೊಂದು ತಲೆ ಹುದುಗಿಸಿ ಹಿಂಗಾಲು ಒದ್ದಾಡಿಸಿ
ಹಿಟ್ಟಿನ ಗಿರಣಿಯ ಹುಡುಗನ ಹಾಗೆ
ಮೈಯೆಲ್ಲ ಪುಡಿಯಾಗಿ ಹೊರಬಂತು.

ತಳಿ ಯಾವುದು, ಕೇಳಿದೆ.
"ಚೀಟೀಲಿ ಅನ್ನಾ ಅಂತಿತ್ತು. ನಾನು ಅಣ್ಣ ಅಂತೀನಿ."
ಎಲ್ಲವೂ?
"ನಲವತ್ತೂ."

ನಕ್ಕುಬಿಟ್ಟೆ, ನಗಬಾರದಿತ್ತು.
ಒಂದೇ ಬೆಡಗಿನವರನ್ನು ಸಾಲಾಗಿ ನಿಲ್ಲಿಸಿ
ಮದುವೆ ಯಾವಾಗ ಅಂದರೆ
ನನ್ನ ಹುಳ ಏನು ಮಾಡೀತು, ನಾರೆಪ್ಪ?
ಅವು ಓಲೆ ಒಯ್ಯುವವು.
ಸಂಬಂಧ ಹುಡುಕುವವಲ್ಲ.

ಬೇರೆ ತಳಿಯವು ಎರಡಿದ್ದವು. ಅದೇ ಲಾರಿಯಲ್ಲಿ ಬಂದು
ತಪ್ಪಾಗಿ ಕೆರೆ ಏರಿಯಾಚೆ ಇಳಿದವು.
ಡಾರ್ಸೆಟ್ ಅನ್ನುವುದು ಊರ ಬಾಯಲ್ಲಿ ದೊರೆಸೆಟ್ಟಿ;
ಅಕ್ಕಯಮ್ಮನ ಹಿತ್ತಲಲ್ಲಿ, ಕಲಗಚ್ಚಿನ ಬಾನಿ ಪಕ್ಕ.
ಅಷ್ಟು ದೂರ ಹುಳ ಹಾರಬಲ್ಲದು, ಹಾರುವುದಿಲ್ಲ:
ಎದುರಿಗೇ ಎಲೆ ಹಾಕಿರುವಾಗ
ಯಾರು ಏರಿ ಹತ್ತಿ ಉಣ್ಣಲು ಹೋಗುತ್ತಾರೆ?

ನಾರೆಪ್ಪ ಹೋಗುವ ಹಾಗಿರಲಿಲ್ಲ.
ಹನ್ನೊಂದು ವರ್ಷದ ಹಿಂದೆ
ರಾಗಿಗೆ ನೆರಳು ಬೀಳುತ್ತದೆಂದು
ಬದುವಿನ ಹೊಂಗೆ ಕಡಿಸಿದ್ದ.
ಅದರ ಪೊಟರೆಯಲ್ಲಿದ್ದದ್ದು
ಅಕ್ಕಯಮ್ಮನ ಅಜ್ಜ ಕಂಡಿದ್ದ ಜೇನು.

ನಾನು ಹೋದೆ. ಪೂರ್ತಿ ಕೇಳಿಸಿಕೊಂಡಳು,
ನನ್ನ ಮುಖ ನೋಡಲಿಲ್ಲ, ಮರ ನೋಡುತ್ತಿದ್ದಳು.
ಕುಡುಗೋಲು ತಂದು ಒಂಬತ್ತು ರೆಂಬೆ ಕೊಯ್ದು
ಹಳೆ ಸೀರೆಯ ತುಂಡು ನೀರಲ್ಲಿ ಅದ್ದಿ ಸುತ್ತಿದಳು.
"ಅವನಿಗೆ ಕೊಟ್ಟೆ ಅನ್ನಬೇಡ,
ಹುಳಕ್ಕೆ ಕೊಟ್ಟೆ."

ಪೇಂಟಿನ ಡಬ್ಬಿ, ಕುತ್ತಿಗೆ ಮುರಿದ ಬಿಂದಿಗೆ,
ಮೊಮ್ಮಗಳ ಸ್ಕೂಲಿನ ಬಾಟಲಿ,
ಸಿಕ್ಕಿದ್ದಕ್ಕೆಲ್ಲ ನೀರು ತುಂಬಿ ರೆಂಬೆ ನಿಲ್ಲಿಸಿ
ಅಣ್ಣಂದಿರ ಹೆಗಲಿಗೆ ತೂಗುಹಾಕಿದ ನಾರೆಪ್ಪ.
ನೆತ್ತಿಯ ಮೇಲೆ ನೀರು ತುಳುಕಿತು, ಒರೆಸಿಕೊಳ್ಳಲಿಲ್ಲ.
ಎಲ್ಲಿಂದ ತಂದೆ ಎಂದು ಕೇಳಲೂ ಇಲ್ಲ.
ಸೀರೆಯ ತುಂಡು ಮಾತ್ರ
ಸಂಜೆ ಒಗೆದು ತಂತಿಯ ಮೇಲೆ ಹರವಿದ್ದ;
ಮೂರು ದಿನವಾದರೂ ಅದು ಅಲ್ಲೇ,
ಒಣಗಿದ್ದನ್ನು ಏನು ಮಾಡಬೇಕೆಂದು ತಿಳಿಯದೆ.

ಆ ಮೂರು ದಿನ ನನ್ನ ಹುಳಗಳು
ದೊರೆಸೆಟ್ಟಿಯಿಂದ ಅಣ್ಣನಿಗೆ, ಅಣ್ಣನಿಂದ ದೊರೆಸೆಟ್ಟಿಗೆ.
ಯಾರ ಹಿತ್ತಲು, ಯಾರ ಬದು,
ಕಾಲಿಗಂಟಿದ ಪುಡಿಗೆ ಯಾರ ಹೆಸರೂ ಇರಲಿಲ್ಲ.

ಎಸಳು ಉದುರಲು ಶುರುವಾದ ರಾತ್ರಿ ಹೊರಟೆವು.
ಹೂವಿಗೆ ಬಂದು ಹೂವಿನ ಜೊತೆಗೇ ಹೋಗುವವಳು ನಾನು,
ಹಣ್ಣು ಕಂಡವಳಲ್ಲ.

ಮಾರ್ಚಿನಲ್ಲಿ, ಪಾವಗಡದ ಸೂರ್ಯಕಾಂತಿ ನಡುವೆ, ಫೋನು.
ಕಾಯಿಯ ಮಾತು ಅವನು ಎತ್ತಲಿಲ್ಲ.
ನಾನು ಕೇಳಲಿಲ್ಲ, ಬಸುರಿಯ ಹತ್ತಿರ
ತಿಂಗಳು ಎಣಿಸಬಾರದು.
ಬಿಸಿಲು, ಕರೆಂಟು, ಬಾಬಾಜಾನನ ಮಂಡಿನೋವು;
ಆಮೇಲೆ, ಇಡುವ ಮೊದಲು:
"ಹೊಂಗೆ ಬೀಜ ಸಿಪ್ಪೆ ಸುಲಿದು ಹಾಕಬೇಕಾ,
ಇಲ್ಲಾ ಹಾಗೇನಾ?"

ಹಾಗೇ ಹಾಕು, ಅಂದೆ.
ನನಗೂ ಗೊತ್ತಿರಲಿಲ್ಲ.