ಕಿವಿಯ ಸುತ್ತ ಎಣ್ಣೆ

ಅಸ್ಮಾರಾದಲ್ಲಿ ಬೆಳಿಗ್ಗೆ ಆರೂವರೆಗೆ ಕಬ್ಬಿಣ ಮುಟ್ಟಿದರೆ
ಬೆರಳು ಜೋಮು ಹಿಡಿಯುತ್ತದೆ.
ಅಂಥ ಹೊತ್ತಿನಲ್ಲೇ ಕೀಲಿ ತಿರುಗಿಸು, ಅನ್ನುತ್ತಿದ್ದರು ಝೆರಿಸೆನಾಯ್:
ಬೆಚ್ಚಗಾದ ಎಂಜಿನ್ನು ಸುಳ್ಳು ಹೇಳುತ್ತದೆ.

ತಿರುಗಿಸಿದೆ.
ಹದಿನೇಳು ದಿನ ಬಿಚ್ಚಿ, ತೊಳೆದು, ಕೊರೆಸಿ, ಕೂಡಿಸಿದ ಹಳೆಯ ಫಿಯೆಟ್ಟು
ಒಮ್ಮೆ ಕೆಮ್ಮಿತು, ಹೊತ್ತಿಕೊಂಡಿತು,
ಆಮೇಲೆ ಒಳಗಿಂದ ಯಾರೋ ಬಾಗಿಲು ಬಡಿದರು.

ಟೊಕ್. ಟೊಕ್. ಟೊಕ್.

ಟಿಕಿಟಿಕಿ ಅಂದರೆ ವಾಲ್ವು, ಅದು ಸಣ್ಣ ಮಾತು,
ಬಿಗಿ ಮಾಡಿದರೆ ಬಾಯಿ ಮುಚ್ಚುತ್ತದೆ.
ದಡ್ ದಡ್ ಅಂದರೆ ಕೆಳಗೆ ಬೇರಿಂಗು ಹೋಯಿತು,
ಆಗ ಗಿರಾಕಿಯ ಮುಖ ನೋಡಬಾರದು.
ಇದು ಎರಡೂ ಅಲ್ಲ.
ಕುಡಿಕೆ ಕೊಳ್ಳುವವರು ಬೆರಳ ಗಿಣ್ಣಿನಿಂದ ಕುಟ್ಟಿ
ಬಿರುಕು ಹುಡುಕುವ ಹಾಗೆ.

ಎಣ್ಣೆಯ ಮುಳ್ಳು ತನ್ನ ಜಾಗದಲ್ಲೇ ನಿಂತಿತ್ತು.
ಝೆರಿಸೆನಾಯ್ ಒಂದೊಂದೇ ಪ್ಲಗ್ಗಿನ ವೈರು ಕಿತ್ತರು.
ಒಂದು: ಎಂಜಿನ್ನು ಕುಂಟಿತು, ಬಡಿತ ಹಾಗೇ.
ಎರಡು: ಹಾಗೇ.
ಮೂರು ಕಿತ್ತಾಗ, ಬೈಸಿಕೊಂಡು ಗೊಣಗುವ ಹುಡುಗನಂತೆ
ಸದ್ದು ತಗ್ಗಿತು.
ನಾಲ್ಕನ್ನು ಅವರು ಮುಟ್ಟಲೇ ಇಲ್ಲ.
ಉದ್ದನೆ ಸ್ಕ್ರೂಡ್ರೈವರಿನ ಹಿಡಿ ಕಿವಿಗಿಟ್ಟು, ತುದಿಯನ್ನು ಎಣ್ಣೆತೊಟ್ಟಿಗೊತ್ತಿ
ಬಹಳ ಹೊತ್ತು ಬಾಗಿದ್ದು ಎದ್ದರು.
"ರಾಡಿನ ಬೇರಿಂಗೇ ಇರಬೇಕು," ಅಂದರು,
ಕಾಲು ಶತಮಾನ ಗ್ರೈಂಡರಿನ ಪಕ್ಕ ನಿಂತ ಆ ಕಿವಿಯನ್ನು
ತಾವೇ ನಂಬದೆ.

ಗಾಡಿಯೊಡತಿ ಲೆತೆಬ್ರಹಾನ್ ಅಷ್ಟರಲ್ಲಿ ಬಂದಿದ್ದಳು
ತೆಳುಬಿಳಿ ನೆತ್ಸೆಲಾ ಹೊದ್ದು. ಸೂಲಗಿತ್ತಿ.
ಈ ಬೀದಿಯಲ್ಲಿ ಸೈಕಲ್ಲು ತುಳಿವ ಅರ್ಧ ಜನರನ್ನು
ಮೊದಲು ಎತ್ತಿ ಹಿಡಿದವಳು.
ಕೈಚೀಲದಿಂದ ತೆಗೆದಳು ಗೇಣುದ್ದದ ಮರದ ಕೊಳವೆ,
ಬಸುರಿಯರ ಹೊಟ್ಟೆಯ ಮೇಲೆ ಇಟ್ಟೂ ಇಟ್ಟೂ
ಅಂಚು ನುಣ್ಣಗಾದದ್ದು.
"ಜಾಗ ಬಿಡಪ್ಪ."

ನಾವು ನಗಲಿಲ್ಲ. ನಗಿಸಿಕೊಳ್ಳುವ ಹೆಂಗಸಲ್ಲ ಅವಳು.
ಕೆಳಗಿಟ್ಟಳು; ಅಲ್ಲ ಎಂದು ತಲೆಯಾಡಿಸಿದಳು. ಮೇಲಿಟ್ಟಳು.
ಕೈ ಬಿಟ್ಟು, ಬರೀ ಕಿವಿಯಿಂದ ಕೊಳವೆಯನ್ನು ಒತ್ತಿ ಹಿಡಿದು,
ಕಣ್ಣು ಮುಚ್ಚಿ.
"ಇಲ್ಲಿ. ಗೋಡೆಗೆ ಬಡಿಯುತ್ತಿದೆ.
ಬಡಿತ ಹೊಕ್ಕುಳಿನ ಮೇಲೆ ಕೇಳಿತೆಂದರೆ
ಕೂಸು ತಿರುಗಿ ಕೂತಿದೆ ಅಂತ ನಮ್ಮ ಲೆಕ್ಕ.
ನಿಮ್ಮಲ್ಲಿ ಏನನ್ನುತ್ತಾರೋ."

ನನ್ನ ಹೊಟ್ಟೆಯೊಳಗೆ ಒಂದು ಟೊಕ್.

ಮೂರನೆಯ ಪಿಸ್ಟನ್ನು ಕೂರಿಸುವ ಮಧ್ಯಾಹ್ನ ಕರೆಂಟು ಹೋಗಿತ್ತು,
ಕಿಟಕಿಯಿಲ್ಲದ ಗ್ಯಾರೇಜು, ಟಾರ್ಚು ಹಿಡಿದವ ನಾನು.
ಹೊರಗೆ ಸೈಕಲ್ ರೇಸು, ಜೇನು ಎದ್ದಂತೆ ಚಕ್ರಗಳ ಗುಂಯ್,
ಕತ್ತು ಹೊರಳಿತು, ಬೆಳಕೂ ಹೊರಳಿತು.
ಎಷ್ಟು ಹೊತ್ತು? ಒಂದು ಗುಟುಕು ಕಾಫಿಯಷ್ಟು.
ಅಷ್ಟರಲ್ಲಿ ಅವರು ಬೆರಳ ನಂಬಿಕೆಯ ಮೇಲೆ ಒಳಗಿಳಿಸಿದ್ದರು.
"ಆಯಿತಲ್ಲ?" ಅಂದರು.
ನಾನು ಹೂಂ ಅಂದೆ.

ಹೆಡ್ಡು ಬಿಚ್ಚಿದೆವು.
ಒಂದು, ಎರಡು, ನಾಲ್ಕು: ನೆತ್ತಿಯ ಬಾಣ ರೇಡಿಯೇಟರಿನ ಕಡೆಗೆ.
ಮೂರರದು ಹಿಂದಕ್ಕೆ, ಗೇರುಪೆಟ್ಟಿಗೆಯ ಕಡೆಗೆ,
ಏನೋ ಮರೆತು ಮನೆಗೆ ಹೊರಟವನ ಹಾಗೆ.
ಪಿನ್ನಿನ ತೂತು ನಟ್ಟನಡುವೆ ಇರುವುದಿಲ್ಲ,
ತುಸು ಪಕ್ಕಕ್ಕೆ; ಆ ಓರೆಯೇ ಅದರ ನ್ಯಾಯ.
ತಿರುವಿಟ್ಟರೆ ಪ್ರತಿ ಸುತ್ತಿಗೂ ಗೋಡೆಗೆ ಹಾಯುತ್ತದೆ.

ಝೆರಿಸೆನಾಯ್ ಮಸಿ ಒರೆಸಿ ಬಾಣ ನೋಡಿದರು.
"ನನ್ನ ಕೈತಪ್ಪು."
ನಾನು ಬಾಯಿ ತೆರೆದೆ.
"ಬೆಳಕು ಸರಿಯಾಗಿ ಹಿಡಿ," ಅಂದರು,
ಆ ಹಗಲಲ್ಲಿ, ಟಾರ್ಚಿಲ್ಲದ ನನ್ನ ಕೈ ನೋಡುತ್ತ.

ಲೆತೆಬ್ರಹಾನ್ ಎಷ್ಟು ದಿನ ಅಂತ ಕೇಳಿ, ನಾಲ್ಕು ಅಂದಾಗ ಮೂರು ಅಂದು
ಕೊಳವೆಯನ್ನು ಚೀಲಕ್ಕೆ ಹಾಕಿ ಬಸ್ಸಿಗೆ ನಡೆದಳು.
ನಮ್ಮಲ್ಲಿ ಯಾರೂ ಅವಳಿಗೆ ಹೇಳಲಿಲ್ಲ
ಬಲಗಿವಿಯ ಸುತ್ತ ದುಂಡಗೆ ಕೂತಿದ್ದ
ಕರಿ ಎಣ್ಣೆಯ ಉಂಗುರ.